ಪಿಲ್ಲರ್‌ಗೆ ಕವರ್ ಎಷ್ಟಮ್ಮ?

ಸಿವಿಲ್ ಎಂಜಿನಿಯರಿಂಗ್ ಓದಿದವರಿಗೆ ‘ಪಿಲ್ಲರ್‌ಗೆ ಕವರ್ ಎಷ್ಟು ಕೊಡ್ತೀರಾ’ ಅಂತ ಕೇಳುವುದು, ಹೆಚ್ಚುಕಮ್ಮಿ ‘ನಿಮ್ಮ ಹೆಸರೇನು’ ಅಂತ ಕೇಳಿದ ಹಾಗೆ. ಪಿಲ್ಲರ್ ಒಳಗಿನ ಕಂಬಿಯ ಮೇಲೆ ಎಷ್ಟು ದಪ್ಪ ಕಾಂಕ್ರೀಟ್ ಮುಚ್ಚಿಕೊಂಡಿರಬೇಕು ಅನ್ನುವ ಲೆಕ್ಕವೇ ಕವರ್. ಅದು ಕಮ್ಮಿಯಾದರೆ ಕಂಬಿಗೆ ಬೇಗ ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬುತ್ತದೆ, ಕಾಂಕ್ರೀಟ್ ಸೀಳಿ ಉದುರುತ್ತದೆ. ಹಳೇ ಕಟ್ಟಡಗಳ ಸಜ್ಜಾ ಕೆಳಗೆ ಕಂಬಿ ಹಲ್ಲು ಕಿರಿದುಕೊಂಡು ಕಾಣುತ್ತಲ್ಲ, ಅದೇ ಕಥೆ. ಕಾಂಕ್ರೀಟ್ ಕೆಲಸಕ್ಕಿರುವ ಭಾರತೀಯ ಕೋಡ್ ಐಎಸ್ 456 ಪ್ರಕಾರ ಸಾಮಾನ್ಯವಾಗಿ ಪಿಲ್ಲರ್‌ಗೆ 40 ಎಂಎಂ. ಇದನ್ನು ನಾನು ಡಿಪ್ಲೊಮಾದಲ್ಲಿ ಬರೆದಿದ್ದೆ, ಬಿಇಯಲ್ಲಿ ಬರೆದಿದ್ದೆ. ಅದಕ್ಕೂ ಮೊದಲು ಮನೆಯಲ್ಲಿ ಕೇಳುತ್ತಲೇ ಬೆಳೆದಿದ್ದೆ. ನಮ್ಮಪ್ಪ ಬಾರ್ ಬೆಂಡಿಂಗ್ ಮೇಸ್ತ್ರಿ. ಗೌರಿಬಿದನೂರು ಸುತ್ತಮುತ್ತ ಎಷ್ಟೋ ಮನೆಗಳ ಕಂಬಿ ಕಟ್ಟಿದ್ದಾರೆ.

ಹೀಗಿರುವಾಗ, 2023ರ ನವೆಂಬರ್‌ನಲ್ಲಿ, ನನ್ನ ಜೀವನದ ಮೊದಲ ಇಂಟರ್‌ವ್ಯೂನಲ್ಲಿ, ಅದೇ ಪ್ರಶ್ನೆಗೆ ನಾನು ಬಾಯಿ ಬಿಟ್ಟುಕೊಂಡು ಕೂತಿದ್ದೆ.

ಅದು ಸರ್ಜಾಪುರ ರಸ್ತೆ ಕಡೆಯ ಒಂದು ಅಪಾರ್ಟ್‌ಮೆಂಟ್ ಕಟ್ಟುವ ಕಂಪನಿ. ಎದುರಿಗೆ ಮೂರು ಜನ. ಎಚ್‌ಆರ್ ಒಬ್ಬರು, ಇಬ್ಬರು ಎಂಜಿನಿಯರುಗಳು. ಪ್ರಶ್ನೆ ಕೇಳಿದ ಸರ್ ಕೈಯಲ್ಲೊಂದು ಪೆನ್ನಿತ್ತು. ಟಿಕ್ ಟಿಕ್ ಅಂತ ಅದರ ತಲೆ ಒತ್ತುತ್ತಾ ಇದ್ದರು. ನನ್ನ ಮುಂದೆ ನೀರಿನ ಲೋಟ, ಅದರ ಮೇಲೊಂದು ಕಾಗದದ ಮುಚ್ಚಳ. ಇವತ್ತಿಗೂ ಆ ಮುಚ್ಚಳದ ಅಂಚಿನ ಮಡಿಕೆಗಳು ಕಣ್ಣಿಗೆ ಕಟ್ಟಿದ ಹಾಗಿವೆ. 40 ಬಿಟ್ಟು ಆ ರೂಮಿನಲ್ಲಿದ್ದದ್ದೆಲ್ಲ ನೆನಪಿದೆ.

ತಲೆ ಖಾಲಿಯಾಯಿತು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಆಗಿದ್ದು ಬೇರೆ. ತಲೆ ತುಂಬಿ ತುಳುಕುತ್ತಿತ್ತು. ಸ್ಲ್ಯಾಬಿನ 20 ಬಂತು, ಬೀಮಿನ 25 ಬಂತು, ಫುಟಿಂಗ್‌ನ 50 ಬಂತು. ಕಾಂಕ್ರೀಟಿನ ಗಟ್ಟಿತನ ನೋಡಲು ಕ್ಯೂಬ್ ಒಡೆಯುವ 28 ದಿನ ಬಂತು. ಕೋಡ್ ನಂಬರ್ 456 ಬಂತು. ಬೇಕಾದ ಅಂಕಿಯೊಂದು ಬಿಟ್ಟು ಮಿಕ್ಕಿದ್ದೆಲ್ಲ ಬಾಗಿಲಲ್ಲಿ ನೂಕುನುಗ್ಗಲು ಮಾಡುತ್ತಿದ್ದವು.

ಇದಕ್ಕೆ ಐದು ನಿಮಿಷ ಮೊದಲೇ ಕೆಲಸ ಕೆಟ್ಟಿತ್ತು ಅನ್ನಿ. ‘ನಿಮ್ಮ ಬಗ್ಗೆ ಹೇಳಿ’ ಅಂತ ಶುರು ಮಾಡಿದ್ದರು. ಅದಕ್ಕೆ ನನ್ನ ಹತ್ತಿರ ಹದಿನಾಲ್ಕು ಸಾಲಿನ ಇಂಗ್ಲಿಷ್ ಇತ್ತು. ಹಾಸ್ಟೆಲಿನ ಸೀನಿಯರ್ ಅಕ್ಕ ಒಬ್ಬರು ಬರೆದುಕೊಟ್ಟಿದ್ದು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು ನಾನು. ಅದಕ್ಕೇ ಮಗ್ಗಿಯ ಹಾಗೆ ಉರು ಹೊಡೆದಿದ್ದೆ. ಮೂರನೇ ಸಾಲಿಗೆ ಬರುವಷ್ಟರಲ್ಲಿ ಎಚ್‌ಆರ್ ಮೇಡಂ ತುಂಬಾ ಪ್ರೀತಿಯಿಂದ, ‘ಓ, ಗೌರಿಬಿದನೂರಾ? ನಮ್ಮತ್ತೆ ಊರು ಅಲ್ಲೇ ಪಕ್ಕ!’ ಅಂದರು. ಪಾಪ, ನನ್ನ ಭಯ ಕಳೆಯಲಿ ಅಂತ ಹೇಳಿದ್ದು. ನಾನು ನಕ್ಕೆ. ನಕ್ಕು ನೋಡಿದರೆ ನಾಲ್ಕನೇ ಸಾಲು ಇಲ್ಲ! ಉರು ಹೊಡೆದಿದ್ದು ಸರಪಳಿ ಇದ್ದ ಹಾಗೆ, ನಡುವಿನ ಒಂದು ಕೊಂಡಿ ಕಳಚಿದರೆ ಮುಂದಿನದು ಕೈಗೆ ಸಿಗುವುದಿಲ್ಲ. ಏನು ಮಾಡಿದೆ ಗೊತ್ತಾ? ಮತ್ತೆ ಒಂದನೇ ಸಾಲಿನಿಂದ ಶುರು ಮಾಡಿದೆ. ನನ್ನ ಹೆಸರನ್ನು ಎರಡನೇ ಸಲ ಹೇಳಿದೆ. ಪೆನ್ನಿನ ಸರ್ ಆಗಲೇ ಪೆನ್ನು ಕೈಗೆತ್ತಿಕೊಂಡಿದ್ದು.

ಕವರ್ ಪ್ರಶ್ನೆಗೆ ನಾನು ಕೊನೆಗೆ ‘25 ಎಂಎಂ ಸರ್’ ಅಂದೆ. ಸುಮ್ನೆ ಕೂರುವುದಕ್ಕಿಂತ ಏನಾದರೂ ಹೇಳುವುದು ವಾಸಿ ಅನ್ನಿಸಿತು. ‘ಶೂರಾ?’ ಅಂದರು. ‘ಅಲ್ಲ ಸರ್, 50’ ಅಂದೆ. ‘ಯಾವುದಾದ್ರೂ ಒಂದು ಫಿಕ್ಸ್ ಮಾಡಮ್ಮ’ ಅಂದರು. ಅವರು ಗದರಲಿಲ್ಲ. ಗದರಿದ್ದರೇ ಚೆನ್ನಾಗಿತ್ತೇನೋ.

ಆಮೇಲೆ ಬೆಟ್ಟದಿಂದ ಉರುಳಿದ ಹಾಗೆ. ಪ್ರಾಜೆಕ್ಟ್ ಯಾವುದು ಅಂತ ಕೇಳಿದರು. ನಾನೇ ಆರು ತಿಂಗಳು ಒದ್ದಾಡಿ ಮಾಡಿದ ಪ್ರಾಜೆಕ್ಟು. ಜಲ್ಲಿಯ ಬದಲು ತೆಂಗಿನ ಚಿಪ್ಪಿನ ಚೂರು ಹಾಕಿ ಹಗುರ ಕಾಂಕ್ರೀಟ್ ಮಾಡುವುದು. ಮನೆಮನೆಗೆ ಹೋಗಿ ಚಿಪ್ಪು ಕೂಡಿಹಾಕಿದವಳು ನಾನು. ಬಾಯಿಂದ ಬಂದಿದ್ದು ‘ಕೊಕೊನಟ್’ ಅನ್ನುವ ಒಂದು ಪದ ಮಾತ್ರ. ಮೂವರೂ ಮುಂದಿನದಕ್ಕೆ ಕಾದರು. ಮುಂದಿನದು ಬರಲಿಲ್ಲ.

ಅವತ್ತು ಮನೆಗೆ ಬಂದಾಗ ಅಪ್ಪ ಆಗತಾನೇ ಕೆಲಸ ಮುಗಿಸಿ ಬಂದು ಬಚ್ಚಲಲ್ಲಿ ಕೈ ತೊಳೆಯುತ್ತಿದ್ದರು. ಕಂಬಿಯ ತುಕ್ಕು ಕೈಗೆ ಹತ್ತಿದರೆ ಬರೀ ಸೋಪಿಗೆ ಹೋಗುವುದಿಲ್ಲ, ತೆಂಗಿನ ನಾರು ಹಾಕಿ ಉಜ್ಜಬೇಕು. ಉಜ್ಜುತ್ತಲೇ, ‘ಏನು ಕೇಳಿದ್ರಮ್ಮ?’ ಅಂದರು. ‘ಪಿಲ್ಲರ್‌ಗೆ ಕವರ್ ಎಷ್ಟು ಅಂದ್ರು. ಗೊತ್ತಾಗ್ಲಿಲ್ಲ ಅಪ್ಪ’ ಅಂದೆ. ಅವರು ತಲೆ ಎತ್ತಲೂ ಇಲ್ಲ.

‘ಒಂದೂವರೆ ಇಂಚು ಅಲ್ವೇನಮ್ಮ. ನೀನೇ ಬ್ಲಾಕ್ ಕೊಯ್ತಿದ್ದೆಯಲ್ಲ.’

ಹೌದು. ನಾನೇ ಕೊಯ್ಯುತ್ತಿದ್ದೆ. ಕವರ್ ಬ್ಲಾಕ್ ಅಂದರೆ, ಕಂಬಿಗೂ ಅಚ್ಚಿನ ಹಲಗೆಗೂ ನಡುವೆ ಕವರಿನಷ್ಟು ಜಾಗ ಉಳಿಯಲಿ ಅಂತ ಕಂಬಿಗೆ ಕಟ್ಟುವ ಚಿಕ್ಕ ತುಂಡು. ಈಗ ಪ್ಲಾಸ್ಟಿಕ್‌ನದೂ ರೆಡಿಮೇಡ್ ಸಿಮೆಂಟಿನದೂ ಸಿಗುತ್ತವೆ. ಆಗ ಕವರ್ ಬ್ಲಾಕ್‌ಗಳನ್ನು ನಮ್ಮನೆ ಅಂಗಳದಲ್ಲೇ ಮಾಡುತ್ತಿದ್ದೆವು. ಬೇಸಿಗೆ ರಜೆಯಲ್ಲಿ ಅದು ನನ್ನ, ತಮ್ಮನ ಕೆಲಸ. ನೆಲಕ್ಕೆ ಪ್ಲಾಸ್ಟಿಕ್ ಚೀಲ ಹಾಸಿ, ಎರಡು ಕಡೆ ಒಂದೂವರೆ ಇಂಚಿನ ರೀಪು ಇಟ್ಟು, ನಡುವೆ ಸಿಮೆಂಟು ಮರಳಿನ ಕಲಸು ಸುರಿದು ರೀಪಿನ ಮಟ್ಟಕ್ಕೆ ಸವರುವುದು. ಅದು ಅರ್ಧ ಬಿಗಿಯುವ ಹೊತ್ತಿಗೆ, ಹೆಚ್ಚೂ ಅಲ್ಲ ಕಮ್ಮಿಯೂ ಅಲ್ಲ, ಕರಣೆ ಅಂಚಿನಿಂದ ಉದ್ದುದ್ದ ಅಡ್ಡಡ್ಡ ಗೆರೆ ಕೊಯ್ಯುವುದು. ಥೇಟ್ ಮೈಸೂರ್ ಪಾಕ್ ಕೊಯ್ದ ಹಾಗೆ. ಪ್ರತಿ ಚೌಕಕ್ಕೂ ಒಂದೊಂದು ಬೈಂಡಿಂಗ್ ವೈರಿನ ತುಂಡು ಮಡಿಚಿ ಚುಚ್ಚಬೇಕು, ಆಮೇಲೆ ಕಂಬಿಗೆ ಕಟ್ಟಲು. ಗಟ್ಟಿಯಾದ ಮೇಲೆ ಡ್ರಮ್ಮಿನ ನೀರಿನಲ್ಲಿ ನೆನೆಹಾಕುವುದು. ನೂರು ಬ್ಲಾಕಿಗೆ ಅಪ್ಪ ಹತ್ತು ರೂಪಾಯಿ ಕೊಡುತ್ತಿದ್ದರು. ತಮ್ಮ ವೈರ್ ಚುಚ್ಚದೆ ಮೋಸ ಮಾಡುತ್ತಿದ್ದ.

(ಒಂದೂವರೆ ಇಂಚು ಅಂದರೆ 38 ಎಂಎಂ, 40 ಅಲ್ಲ. ಆ ಎರಡು ಎಂಎಂ ಬಗ್ಗೆ ಅಪ್ಪನಿಗೂ ನನಗೂ ಬೇರೆಯೇ ಜಗಳ ಇದೆ. ಅದು ಇಲ್ಲಿ ಬೇಡ.)

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನನ್ನ ಗೆಳತಿಗೆ ಮೆಸೇಜ್ ಮಾಡಿದೆ. ‘ಕರ್ಣನಿಗೆ ಪರಶುರಾಮರ ಶಾಪ ಇತ್ತು, ಬೇಕಾದಾಗ ಅಸ್ತ್ರದ ಮಂತ್ರ ಮರೆತುಹೋಯ್ತು. ನಿಂಗೆ ಯಾರ ಶಾಪಾನೇ?’ ಅಂದಳು. ನಗು ಬಂತು. ಆದರೆ ಪ್ರಶ್ನೆ ಕೊರೆಯುತ್ತಲೇ ಇತ್ತು. ಗೊತ್ತಿರುವುದು ಎಲ್ಲಿಗೆ ಹೋಗುತ್ತದೆ? ಮೊಬೈಲಿನಲ್ಲಿ ಹುಡುಕುತ್ತಾ ಕೂತಾಗ ಒಂದು ವಿಷಯ ಸಿಕ್ಕಿತು. ಗಾಡೆನ್, ಬ್ಯಾಡ್ಲಿ ಅನ್ನುವ ಇಬ್ಬರು ಬ್ರಿಟಿಷ್ ಮನಃಶಾಸ್ತ್ರಜ್ಞರು 1975ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ. ಮುಳುಗುಗಾರರಿಗೆ ಕೆಲವು ಪದಗಳನ್ನು ದಡದಲ್ಲಿ ಕಲಿಸಿದರು, ಕೆಲವನ್ನು ನೀರಿನ ಅಡಿಯಲ್ಲಿ ಕಲಿಸಿದರು. ದಡದಲ್ಲಿ ಕಲಿತದ್ದು ದಡದಲ್ಲೇ ಚೆನ್ನಾಗಿ ನೆನಪಾಯಿತು, ನೀರಲ್ಲಿ ಕಲಿತದ್ದು ನೀರಲ್ಲೇ. ಜಾಗ ಬದಲಾದರೆ ನೆನಪು ಕಮ್ಮಿಯಾಯಿತು.

ಓದುತ್ತಿದ್ದ ಹಾಗೆ ನಮ್ಮ ಅಂಗಳ ಕಣ್ಣ ಮುಂದೆ ಬಂತು. ಒಂದೂವರೆ ಇಂಚನ್ನು ನಾನು ಕಲಿತದ್ದು ಅಲ್ಲಿ, ಕೈಯಲ್ಲಿ ಕರಣೆ ಹಿಡಿದು. 40 ಎಂಎಂ ಕಲಿತದ್ದು ಹಾಸ್ಟೆಲ್ ಮಂಚದ ಮೇಲೆ ಕಾಲು ಚಾಚಿಕೊಂಡು. ಎರಡೂ ಒಂದೇ ಅಂತ ನನ್ನ ತಲೆಗೆ ಯಾವತ್ತೂ ಹೇಳಿಯೇ ಇರಲಿಲ್ಲ. ಇನ್ನು ಏಸಿ ರೂಮಿನಲ್ಲಿ, ಇಂಗ್ಲಿಷಿನಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು ನಾನು ಏನನ್ನೂ ಕಲಿತವಳೇ ಅಲ್ಲ. ಅದರ ಮೇಲೆ ಹೆದರಿಕೆ ಬೇರೆ. ಹೆದರಿದಾಗ ಓಡಲು, ಕೂಗಲು ಮೈ ಸಿದ್ಧವಾಗುತ್ತದೆಯೇ ಹೊರತು ಐಎಸ್ ಕೋಡ್ ಹುಡುಕಿ ಕೊಡಲು ಅಲ್ಲ.

ಸರಿ, ಮುಂದಿನದಕ್ಕೆ ಏನು ಮಾಡುವುದು? ಮೊದಲು ಎಲ್ಲರೂ ಹೇಳುವುದನ್ನು ಮಾಡಿ ನೋಡಿದೆ. ಕನ್ನಡಿ ಮುಂದೆ ನಿಂತು ಮಾತಾಡಿದೆ, ನನ್ನ ಮೂಗಿನ ಬಗ್ಗೆ ಚಿಂತೆ ಜಾಸ್ತಿಯಾಯಿತು. ಉಸಿರು ಬಿಗಿಹಿಡಿದು ಎಣಿಸುವ ವಿಡಿಯೊ ನೋಡಿ ಮಾಡಿದೆ, ತಲೆ ಸುತ್ತಿತು. ಸುಮ್ನೆ ನಿಧಾನವಾಗಿ ಉಸಿರು ಬಿಡುವುದು ಮಾತ್ರ ಸ್ವಲ್ಪ ಉಪಯೋಗಕ್ಕೆ ಬಂತು. ಅಮ್ಮ ವಿದುರಾಶ್ವತ್ಥಕ್ಕೆ ಹರಕೆ ಹೊತ್ತರು. ಅದನ್ನು ನಾನು ಬೇಡ ಅನ್ನಲಿಲ್ಲ.

ನಿಜವಾಗಿ ಕೆಲಸ ಮಾಡಿದ್ದು ತಮ್ಮನ ಕಾಟ. ಅವನಾಗ ಸೆಕೆಂಡ್ ಪಿಯುಸಿ. ದಿನಾ ರಾತ್ರಿ ಊಟಕ್ಕೆ ಮುಂಚೆ ನನ್ನನ್ನು ಇಂಟರ್‌ವ್ಯೂ ಮಾಡುವುದು, ನಾನು ಬಾಯಿ ಬಿಟ್ಟ ತಕ್ಷಣ ನಡುವೆ ಏನಾದರೂ ತಲೆಹರಟೆ ಕೇಳಿ ಕೆಡಿಸುವುದು ಅವನ ಕೆಲಸ. ಅದಕ್ಕೆ ಸಂಬಳ, ವಾರಕ್ಕೊಂದು ಗೋಬಿ. ಒಳಗೆ ಮಿಕ್ಸಿ ಓಡುತ್ತಿರುತ್ತಿತ್ತು, ಹೊರಗೆ ನಾಯಿ. ‘ಮೇಡಂ, ಸ್ಲಂಪ್ ಕೋನಿನ ಎತ್ತರ ಎಷ್ಟು? ಇವತ್ತು ಸಾರಿಗೆ ಉಪ್ಪು ಯಾರು ಹಾಕಿದ್ದು?’ ಹೀಗೆ. (ಸ್ಲಂಪ್ ಕೋನ್ ಅಂದರೆ ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತದೆ ಅಂತ ನೋಡುವ ಲೋಹದ ಅಚ್ಚು.) ಮೊದಮೊದಲು ಕೋಪ ಬರುತ್ತಿತ್ತು. ಹತ್ತು ದಿನವಾದ ಮೇಲೆ, ಮಾತು ತುಂಡಾದರೂ ಎಲ್ಲಿಂದಾದರೂ ಹಿಡಿದುಕೊಳ್ಳುವುದು ಅಭ್ಯಾಸವಾಯಿತು.

ಹದಿನಾಲ್ಕು ಸಾಲನ್ನು ಹರಿದು ಹಾಕಿದೆ. ಅದರ ಬದಲು ನಾಲ್ಕು ಪದ ಇಟ್ಟುಕೊಂಡೆ: ಊರು, ಅಪ್ಪ, ಚಿಪ್ಪು, ಲ್ಯಾಬು. ಎಲ್ಲಿಂದ ಶುರು ಮಾಡಿದರೂ ನಡೆಯುತ್ತದೆ, ಯಾರು ನಡುವೆ ಬಾಯಿ ಹಾಕಿದರೂ ನಡೆಯುತ್ತದೆ. ನನ್ನ ಇಂಗ್ಲಿಷ್ ಸ್ವಲ್ಪ ಮುರಿಯಿತು, ಆದರೆ ಅದು ನನ್ನದೇ ಇಂಗ್ಲಿಷ್.

ಇನ್ನೊಂದು ಚಿಕ್ಕ ವಿಷಯ. ತಮ್ಮ ಒಂದು ದಿನ ನನ್ನ ಉತ್ತರಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದ. ಒಂದು ಕಡೆ ನಾನು ತಡವರಿಸಿ ಸುಮ್ಮನಾಗಿದ್ದೆ. ಅರ್ಧ ನಿಮಿಷವಾದರೂ ಆಗಿರಬೇಕು ಅಂದುಕೊಂಡಿದ್ದೆ. ಕೇಳಿ ನೋಡಿದರೆ ಐದೇ ಸೆಕೆಂಡು! ಆಮೇಲೆ ಒಂದು ಲೋಟ ನೀರೆತ್ತಿ ಒಂದು ಗುಟುಕು ಕುಡಿದು ಕೆಳಗಿಡಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆದೆವು. ಏಳು ಸೆಕೆಂಡು. ಅಂದರೆ ನನಗೆ ಯುಗದ ಹಾಗೆ ಕಾಣುವ ಮೌನಕ್ಕಿಂತ ಎರಡು ಸೆಕೆಂಡು ಜಾಸ್ತಿ, ಅದೂ ಯಾರೂ ಏನೂ ಅಂದುಕೊಳ್ಳದ ಹಾಗೆ. ಆ ಮೊದಲ ಇಂಟರ್‌ವ್ಯೂನಲ್ಲಿ ನನ್ನ ಮುಂದೆಯೇ ಮುಚ್ಚಳ ಮುಚ್ಚಿದ ಲೋಟ ಇತ್ತಲ್ಲ ಅಂತ ಹೊಟ್ಟೆ ಉರಿಯಿತು.

ಓದುವ ರೀತಿಯನ್ನೂ ಬದಲಾಯಿಸಿದೆ. ಪುಸ್ತಕ ತೆರೆದುಕೊಂಡು ಓದಿದರೆ ಎಲ್ಲವೂ ಗೊತ್ತಿರುವ ಹಾಗೇ ಇರುತ್ತದೆ, ಅದೊಂದು ಮೋಸ. ಮುಚ್ಚಿಟ್ಟು ಚಿತ್ರ ಬರೆಯಲು ಕೂತರೆ ಎಲ್ಲಿ ಗಾಳಿ ಹೊಡೆದಿದೆ ಅಂತ ಗೊತ್ತಾಗುತ್ತದೆ. ಪಿಲ್ಲರ್ ಬರೆದು, ರಿಂಗ್ ಬರೆದು, ಪಕ್ಕದಲ್ಲಿ 40 ಅಂತಲೂ ಕೆಳಗೆ ಒಂದೂವರೆ ಇಂಚು ಅಂತಲೂ ಬರೆಯುತ್ತಿದ್ದೆ. ಗೊತ್ತಾಗದ್ದನ್ನು ಅಪ್ಪನನ್ನು ಕೇಳುತ್ತಿದ್ದೆ. ಅವರು ಹೇಳಿದ್ದನ್ನು ಕೋಡ್‌ಗೆ ಹೋಲಿಸುತ್ತಿದ್ದೆ. ಒಂದು ಅಂಕಿಗೆ ಎರಡು ಬಾಗಿಲು ಮಾಡಿಟ್ಟ ಹಾಗೆ.

ಫೆಬ್ರವರಿಯಲ್ಲಿ ಎರಡನೇ ಇಂಟರ್‌ವ್ಯೂ ಬಂತು. ಪೀಣ್ಯ ಕಡೆ, ಸಾಮಾನು ಟೆಸ್ಟ್ ಮಾಡುವ ಒಂದು ಲ್ಯಾಬು. ಕಾಂಕ್ರೀಟು, ಕಂಬಿ, ಇಟ್ಟಿಗೆ ಎಲ್ಲ ಅಲ್ಲಿ ಪರೀಕ್ಷೆಗೆ ಬರುತ್ತವೆ. ಬೆಳಿಗ್ಗೆ ಕೆಂಪು ಬಸ್ಸಿಗೆ ಆಧಾರ್ ಕಾರ್ಡ್ ತೋರಿಸಿ ಹೆಂಗಸರ ಸೊನ್ನೆ ರೂಪಾಯಿ ಟಿಕೆಟ್ ತಗೊಂಡೆ. ದೊಡ್ಡಬಳ್ಳಾಪುರ ದಾಟುವವರೆಗೂ ಹೊಟ್ಟೆಯಲ್ಲಿ ಏನೋ ತಿರುಗುತ್ತಿತ್ತು.

ಈ ಸಲ ಎದುರಿಗೆ ಇಬ್ಬರೇ. ಸುಮಾರು ಐವತ್ತರ ಒಬ್ಬರು ಮೇಡಂ, ಜೊತೆಗೆ ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದಾದ ಒಬ್ಬರು. ಹೋಗುತ್ತಲೇ ಲೋಟದ ಮುಚ್ಚಳ ತೆಗೆದಿಟ್ಟುಕೊಂಡೆ. ಊರು, ಅಪ್ಪ, ಚಿಪ್ಪು, ಲ್ಯಾಬು ಆಯಿತು. ಸ್ಲಂಪ್ ಕೋನ್ ಕೇಳಿದರು: ಎತ್ತರ 300 ಎಂಎಂ, ಅಗಲ ಕೆಳಗೆ 200, ಮೇಲೆ 100. ಕ್ಯೂಬಿನ ಅಳತೆ ಕೇಳಿದರು: 150. ನೀರು ಕುಡಿದಷ್ಟು ಸಲೀಸು. ಇನ್ನೇನು ಗೆದ್ದೆ ಅನ್ನುವಾಗ ಮೇಡಂ ಕೇಳಿದರು, ‘12 ಎಂಎಂ ಕಂಬಿ, ಒಂದು ಮೀಟರ್ ತೂಕ ಎಷ್ಟು ಬರುತ್ತೆ?’

ಇದಕ್ಕೊಂದು ಸೂತ್ರ ಇದೆ. ಡಿ ಸ್ಕ್ವೇರ್ ಬೈ 162, ಡಿ ಅಂದರೆ ಎಂಎಂನಲ್ಲಿ ಕಂಬಿಯ ದಪ್ಪ. ಸೈಟಿನಲ್ಲಿ ಚಹಾ ತರುವ ಹುಡುಗನಿಗೂ ಗೊತ್ತಿರುತ್ತದೆ. ನನಗೆ ಡಿ ಸ್ಕ್ವೇರ್ ಬೈ... ಅಷ್ಟೇ. 126? 612? ಮೂರೂ ಅಂಕಿ ಇವೆ, ಜಾಗ ಗೊತ್ತಾಗುತ್ತಿಲ್ಲ. ಕಿವಿ ಬಿಸಿಯಾಯಿತು. ಸರ್ಜಾಪುರ ರಸ್ತೆಯ ಪೆನ್ನಿನ ಸದ್ದು ಕೇಳಿಸಿದ ಹಾಗಾಯಿತು.

ಲೋಟ ಎತ್ತಿದೆ. ಒಂದು ಗುಟುಕು. ಇಟ್ಟೆ. ಏಳು ಸೆಕೆಂಡು. 162 ಬರಲಿಲ್ಲ. ನೀರು ಕುಡಿದರೆ ಉತ್ತರ ಬಂದುಬಿಡುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಒಂದು ಕೆಲಸ ಆಯಿತು. ಬಾಯಿಗೆ ಬಂದ ಸುಳ್ಳು ಅಂಕಿ ನೀರಿನ ಜೊತೆ ಒಳಗೆ ಹೋಯಿತು.

‘ಮೇಡಂ, ಫಾರ್ಮುಲಾ ಗೊತ್ತು, ಅಂಕಿ ಮಾತ್ರ ಈಗ ಬಾಯಿಗೆ ಬರ್ತಿಲ್ಲ. ಬೇರೆ ದಾರೀಲಿ ಲೆಕ್ಕ ಹಾಕ್ಲಾ?’ ಅಂದೆ. ಕನ್ನಡದಲ್ಲೇ ಬಂತು. ತಮ್ಮನ ಮುಂದೆ ಇಂಗ್ಲಿಷಿನಲ್ಲಿ ಎಷ್ಟು ಸಲ ಹೇಳಿದ್ದೆನೋ, ಆ ಹೊತ್ತಿಗೆ ಕನ್ನಡವೇ ಬಂತು.

‘ಯಾವ ದಾರಿ?’ ಅಂದರು, ಅವರೂ ಕನ್ನಡದಲ್ಲೇ.

‘ನಮ್ಮಪ್ಪಂದು.’

ಹೇಳಿಬಿಟ್ಟು ನಾಲಿಗೆ ಕಚ್ಚಿಕೊಂಡೆ. ಮೇಡಂ ಒಂದು ಹಾಳೆ ನನ್ನ ಕಡೆ ತಳ್ಳಿದರು. ಪೆನ್ನು ಕೈಗೆ ಬಂದ ಮೇಲೆ ಕಾಲು ನೆಲಕ್ಕೆ ತಾಗಿದ ಹಾಗಾಯಿತು. ಕಂಬಿ ಅಂಗಡಿಯಿಂದ ಲೋಡ್ ಬಂದಾಗ ಅಪ್ಪ ಕಟ್ಟು ಎಣಿಸುತ್ತಿದ್ದರು, ನಾನು ಹಳೇ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಎಂಟರ ಕಂಬಿಯಾದರೆ ಒಂದು ಕಟ್ಟಿಗೆ ಹತ್ತು, ಹತ್ತರದ್ದಾದರೆ ಏಳು, ಹನ್ನೆರಡರದ್ದಾದರೆ ಐದು. ಹನ್ನೆರಡರ ಕಟ್ಟಿನ ತೂಕ ಐವತ್ತಮೂರು ಕೆಜಿ. ಅದೇ ಬರೆದೆ. 53ನ್ನು 5ರಿಂದ ಭಾಗಿಸಿದರೆ ಒಂದು ಕಂಬಿ 10.6 ಕೆಜಿ. ಕಂಬಿಯ ಉದ್ದ 12 ಮೀಟರ್. ಅಲ್ಲಿಗೆ ಮೀಟರಿಗೆ 0.88.

‘ಸುಮಾರು 0.88 ಕೆಜಿ ಮೇಡಂ.’

ಮೇಡಂ ಹಾಳೆ ತಿರುಗಿಸಿ ನೋಡಿದರು. ‘ಕಟ್ಟಿನ ತೂಕಾನ ಹೇಗೆ ನಂಬ್ತೀರಾ? ಅಂಗಡಿಯವನು ಕಮ್ಮಿ ಕೊಟ್ಟಿದ್ರೆ?’

ಎಂಥ ಪ್ರಶ್ನೆ! ಲ್ಯಾಬಿನವರು ಕೇಳಬೇಕಾದದ್ದೇ ಅದು. ಆದರೆ ಅಷ್ಟು ಹೊತ್ತಿಗೆ ಹೆದರಿಕೆ ಇಳಿದಿತ್ತು, ಕೈ ಓಡುತ್ತಿತ್ತು. ಉಕ್ಕು ಒಂದು ಘನ ಮೀಟರಿಗೆ 7850 ಕೆಜಿ. ಇದು ಹೇಗೋ ಬಂತು. 12 ಎಂಎಂ ಕಂಬಿಯ ಅಡ್ಡ ಕೊಯ್ತದ ಅಳತೆ 113 ಚದರ ಎಂಎಂ. ಎರಡನ್ನೂ ಗುಣಿಸಿ ಹತ್ತು ಲಕ್ಷದಿಂದ ಭಾಗಿಸಿದರೆ 0.887. ಎರಡು ದಾರಿಯೂ ಒಂದೇ ಊರಿಗೆ ಬಂದು ಸೇರಿದವು. ಉತ್ತರದ ಕೆಳಗೆ ಗೆರೆ ಎಳೆಯುತ್ತಿರುವಾಗ, ಯಾರೂ ಕೇಳದೆಯೇ, 162 ಬಂದು ನಿಂತಿತು.

‘ನೂರ ಅರವತ್ತೆರಡು!’ ಅಂತ ಕೂಗಿಬಿಟ್ಟೆ. ಪಕ್ಕದಲ್ಲಿದ್ದವರು ಬೆಚ್ಚಿಬಿದ್ದರು. ಮೇಡಂ ಮಾತ್ರ, ‘ಈಗ ಬಂತಾ? ಇರ್ಲಿ ಬಿಡಿ’ ಅಂದರು.

ಅದಾದ ಮೇಲೆ ತಾನೇ ಹರಿದು ತುಂಬಿಕೊಳ್ಳುವ ಸೆಲ್ಫ್ ಕಂಪ್ಯಾಕ್ಟಿಂಗ್ ಕಾಂಕ್ರೀಟಿನ ವಿ-ಫನಲ್ ಟೆಸ್ಟ್ ಬಗ್ಗೆ ಕೇಳಿದರು. ಹೆಸರು ಕೇಳಿದ್ದೆ ಅಷ್ಟೇ. ಆ ಉಪಕರಣವನ್ನು ಕಣ್ಣಲ್ಲಿ ನೋಡಿರಲಿಲ್ಲ. ಇಲ್ಲಿ ನಾನು ನೀರೂ ಕುಡಿಯಲಿಲ್ಲ, ಬೇರೆ ದಾರಿಯನ್ನೂ ಹುಡುಕಲಿಲ್ಲ. ‘ಗೊತ್ತಿಲ್ಲ ಮೇಡಂ, ನಮ್ಮ ಕಾಲೇಜಲ್ಲಿ ಮಾಡಿಸಿಲ್ಲ’ ಅಂದೆ. ಮರೆತದ್ದು ಬೇರೆ, ಗೊತ್ತಿಲ್ಲದ್ದು ಬೇರೆ. ಮರೆತಾಗ ಒಳಗೆ ಏನೋ ಕುಟುಕುತ್ತಿರುತ್ತದೆ, ನಾಲಿಗೆ ತುದಿಯಲ್ಲಿ ಇದೆ ಅನ್ನಿಸುತ್ತಿರುತ್ತದೆ. ಗೊತ್ತಿಲ್ಲದ್ದರಲ್ಲಿ ಆ ಕುಟುಕು ಇರುವುದಿಲ್ಲ, ಸಪ್ಪೆಯಾಗಿರುತ್ತದೆ. ಗೊತ್ತಿಲ್ಲದ್ದಕ್ಕೂ ‘ಒಂದು ನಿಮಿಷ ಕೊಡಿ’ ಅಂತ ನಾಟಕ ಮಾಡಿದರೆ, ನಿಜವಾಗಿ ಮರೆತಾಗ ಕೇಳಿದ ಆ ಒಂದು ನಿಮಿಷಕ್ಕೂ ಬೆಲೆ ಇರುವುದಿಲ್ಲ.

ಎಲ್ಲ ಸಲೀಸಾಗಿ ಮುಗಿಯಿತು ಅಂದುಕೊಳ್ಳಬೇಡಿ. ಕೊನೆಗೆ ‘ನಮಗೇನಾದ್ರೂ ಕೇಳೋದಿದೆಯಾ?’ ಅಂದರು. ಅದಕ್ಕೂ ಮೂರು ಪ್ರಶ್ನೆ ತಯಾರಿ ಮಾಡಿಕೊಂಡು ಹೋಗಿದ್ದೆ. ಒಂದೂ ನೆನಪಾಗಲಿಲ್ಲ. ‘ಇಲ್ಲಿ ಊಟ ಎಲ್ಲಿ ಸಿಗುತ್ತೆ ಮೇಡಂ?’ ಅಂದೆ. ಹೊರಗೆ ಹೋಗುವಾಗ ತಳ್ಳುವ ಬಾಗಿಲನ್ನು ಎಳೆಯುತ್ತಾ ಸ್ವಲ್ಪ ಹೊತ್ತು ನಿಂತಿದ್ದೆ.

ಹನ್ನೊಂದು ದಿನ ಬಿಟ್ಟು ಫೋನ್ ಬಂತು, ಕೆಲಸಕ್ಕೆ ತಗೊಂಡರು. ಸಂಬಳ ಅಷ್ಟಕ್ಕಷ್ಟೇ. ಆ ಐವತ್ತಮೂರು ಕೆಜಿಯ ಲೆಕ್ಕಕ್ಕೆ ಕೊಟ್ಟರೋ, ಬೇರೆ ಯಾರೂ ಸಿಗಲಿಲ್ಲವೋ, ನಾನು ಕೇಳಿಲ್ಲ. ಈಗ ದಿನಾ ಅದೇ ಮೇಡಂ ಕೈಕೆಳಗೆ ಕಂಬಿ ತೂಗುತ್ತೇನೆ.

ಇಂಟರ್‌ವ್ಯೂ ಮುಗಿದ ಆ ಮಧ್ಯಾಹ್ನ ಬಸ್ ಸ್ಟಾಪಿನಲ್ಲಿ ನಿಂತು ಅಪ್ಪನಿಗೆ ಫೋನ್ ಮಾಡಿದ್ದೆ. ಅವರು ಸೈಟಿನಲ್ಲಿದ್ದರು, ಹಿಂದೆ ಕಂಬಿ ಕತ್ತರಿಸುವ ಸದ್ದು.

‘ಏನು ಕೇಳಿದ್ರಮ್ಮ?’

‘ಹನ್ನೆರಡರ ಕಂಬಿ ತೂಕ.’

‘ಕಟ್ಟಿಗೆ ಐವತ್ತಮೂರು’ ಅಂದರು, ನಾನು ಮಾತು ಮುಗಿಸುವ ಮೊದಲೇ. ಆಮೇಲೆ ಸ್ವಲ್ಪ ತಡೆದು, ‘ಇಷ್ಟು ಕೇಳೋಕೆ ಬೆಂಗ್ಳೂರಿಗೆ ಕರೆಸಿದ್ರಾ?’